ಶಿವರತ್ನಮ್ಮ ಕಾಲು ಎತ್ತಿಟ್ಟ ಕತೆ

ಇಲ್ಲ ಮಗ, ನಿನಗೆ ಯಾರೋ ತಪ್ಪು ಹೇಳಿದ್ದಾರೆ. ಶಿವರತ್ನಮ್ಮ ಆ ಕುರ್ಚಿ ಮಾಡಿಸಿದ್ದು ಅತ್ತೆಗೆ ಅವಮಾನ ಮಾಡುವುದಕ್ಕಲ್ಲ. ಊರಿಗೆ ಮಾಟ ಮಾಡುವುದಕ್ಕಂತೂ ಅಲ್ಲವೇ ಅಲ್ಲ. ಕಾಲು ಎತ್ತಿಡುವುದಕ್ಕೆ, ಅಷ್ಟೇ. ಒಬ್ಬ ಹೆಂಗಸು ತನ್ನದೇ ಕಾಲನ್ನು ನೆಲದಿಂದ ಎರಡು ಅಡಿ ಮೇಲೆ ಇಟ್ಟುಕೊಳ್ಳಬೇಕು ಅಂದರೆ ಮುಳ್ಳೂರಿನಲ್ಲಿ ಎಷ್ಟು ಜನರ ಅಪ್ಪಣೆ ಬೇಕು ಅನ್ನುವುದು ನಿನಗೆ ಗೊತ್ತಿಲ್ಲ. ಆ ಕಡೆ ಸರಿದು ಕೂತುಕೋ, ಬಿಸಿಲು ಬರುತ್ತದೆ. ಹೇಳುತ್ತೇನೆ.

ಶಿವರತ್ನಮ್ಮ ಯಳಂದೂರು ಕಡೆಯ ಹೆಣ್ಣು. ಅವಳು ಹುಟ್ಟಿದ ಮನೆಯ ಜಗಲಿಯಿಂದ ಬಿಳಿಗಿರಿರಂಗನ ಬೆಟ್ಟ ಕಾಣುತ್ತಿತ್ತು. ಬೆಟ್ಟ ಬಿಟ್ಟರೆ ಆ ಮನೆಯಲ್ಲಿ ತೋರಿಸುವಂಥದ್ದು ಇನ್ನೇನೂ ಇರಲಿಲ್ಲವಾದ್ದರಿಂದ ಹೆಣ್ಣು ನೋಡಲು ಬಂದವರಿಗೂ ಅವಳಪ್ಪ ಬೆಟ್ಟವನ್ನೇ ತೋರಿಸಿದನಂತೆ. ಮುಳ್ಳೂರಿನ ಶಿವಯ್ಯನಿಗೆ ಕೊಟ್ಟರು. ಶಿವಯ್ಯ ಒಳ್ಳೆಯವನು. ಬೆಳಿಗ್ಗೆ ಹೊಲ, ಸಂಜೆ ಅರಳಿಕಟ್ಟೆ, ನಡುವೆ ಊಟ. ಬೈಯೋಣವೆಂದರೆ ಕೈಗೇ ಸಿಗುವುದಿಲ್ಲ ಅನ್ನುವುದೊಂದೇ ಅವನ ಮೇಲಿನ ದೂರು. ಹಾಗಾಗಿ ಮನೆಯಲ್ಲಿ ಇಡೀ ದಿನ ಎದುರುಬದುರಾಗುತ್ತಿದ್ದವರು ಇಬ್ಬರೇ, ಶಿವರತ್ನಮ್ಮ ಮತ್ತು ಅವಳ ಅತ್ತೆ ಶಿವನಂಜಮ್ಮ. ಅತ್ತೆಗೆ ಎಂಬತ್ತೆರಡು ವರ್ಷ. ಮಂಕರಿಯಲ್ಲಿ ಕೂರಿಸಿಕೊಂಡು ಸಂತೆಗೆ ಹೋಗಬಹುದು, ಅಷ್ಟೇ ಆಳು. ಸೊಸೆಯೋ ದುಂಡಗೆ, ಅಗಲಕ್ಕೆ, ಕೊಪ್ಪರಿಗೆಯ ಹಾಗೆ. ಇದು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಶಿವರತ್ನಮ್ಮ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ, ಇಪ್ಪತ್ತೆರಡು ವರ್ಷದಿಂದ. ಅವಳ ಸಾರಿನ ವಾಸನೆಗೆ ಪಕ್ಕದ ಬೀದಿಯ ನಾಯಿಗಳು ಹನ್ನೆರಡೂವರೆಗೆ ಸಾಲಾಗಿ ಬಂದು ಕೂರುತ್ತವೆ. ಶಾಲೆಯ ಗಂಟೆ ಕೆಟ್ಟ ವರ್ಷ ಮೇಷ್ಟ್ರು ನಾಯಿಗಳನ್ನು ನೋಡಿಯೇ ಊಟಕ್ಕೆ ಬಿಡುತ್ತಿದ್ದರು. ಒಂದು ಸಲ ಮೇಲಿನ ಆಫೀಸಿನಿಂದ ಯಾರೋ ಸಾಹೇಬರು ತಪಾಸಣೆಗೆ ಬಂದು, ಒಂದು ಚಮಚ ಬಾಯಿಗಿಟ್ಟು, ಇದನ್ನು ಮಾಡಿದವರು ಯಾರು ಅಂದರು. ಶಿವರತ್ನಮ್ಮ ಸೌಟು ಹಿಡಿದುಕೊಂಡೇ ಹೋಗಿ ನಿಂತಳು. "ನಾನೇ ಕಣ್ರಿ ಸಾ. ಬಯ್ಯೋದ್ಕೆ ಮುಂಚೆ ಏಳಿ, ಉಪ್ಪಾ ಉಳಿಯಾ?" ಸಾಹೇಬರು ಎರಡನೇ ಸಲ ಬಡಿಸಿಕೊಂಡರು. ಆ ಸೌಟು ಕೈಯಲ್ಲಿದ್ದಷ್ಟು ಹೊತ್ತು ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಅದು ಬಿಟ್ಟು ಬೇರೆ ಸುಖವನ್ನು ಅವಳು ಕೇಳಿದವಳೂ ಅಲ್ಲ.

ಆದರೆ ಇಪ್ಪತ್ತೆರಡು ವರ್ಷ ಒಲೆಯ ಮುಂದೆ ನಿಂತದ್ದಕ್ಕೆ ಕಾಲು ಜವಾಬು ಕೇಳಿತು. ಮೀನಖಂಡದ ಮೇಲೆ ನರಗಳು ಹಂಬಿನ ಹಾಗೆ ಹಬ್ಬಿದವು. ಸಂಕ್ರಾಂತಿ ಹೊತ್ತಿಗೆ ಪಾದದ ಮೇಲಿನ ಹರಡಿನ ಹತ್ತಿರ ಒಂದು ಹುಣ್ಣಾಯಿತು. ಅರಿಸಿನ ಹಚ್ಚಿದರು, ಬೇವು ಅರೆದು ಕಟ್ಟಿದರು, ಹುಣ್ಣು ಎಲ್ಲವನ್ನೂ ತಿಂದುಕೊಂಡು ಅಗಲವಾಯಿತು. ಬೇಸಿಗೆ ರಜ ಬಿಟ್ಟ ಮಾರನೆಯ ದಿನ ಅವಳು ಕೊಳ್ಳೇಗಾಲಕ್ಕೆ ಹೋಗಿ ಒಬ್ಬ ಡಾಕ್ಟ್ರಮ್ಮನಿಗೆ ತೋರಿಸಿದಳು. ಚಿಕ್ಕ ವಯಸ್ಸಿನ ಹುಡುಗಿ, ಕಾಲು ಮುಟ್ಟಿ ನೋಡಿ ಬ್ಯಾಂಡೇಜು ಬಿಗಿಯಾಗಿ ಸುತ್ತಿದಳು.

"ದಿನಕ್ಕೆ ಮೂರು ಸಲ, ಅರ್ಧರ್ಧ ಗಂಟೆ, ಒರಗಿಕೊಂಡು ಕಾಲು ಎದೆಗಿಂತ ಮೇಲೆ ಇಡಬೇಕಮ್ಮ. ಶಾಲೆ ಶುರುವಾಗೋ ಹೊತ್ತಿಗೆ ಹುಣ್ಣು ಮುಚ್ಚದಿದ್ರೆ ನಿಂತು ಮಾಡೋ ಕೆಲಸ ಬಿಡಬೇಕಾಗುತ್ತೆ."

"ನಾನು ಬುಟ್ರೆ ಸೌಟು ಇಡಿಯೋಳು ಯಾರು ಗೊತ್ತಾ ನಿಮ್ಗೆ? ಸಾರಿಗೆ ಬೆಲ್ಲ ಆಕ್ತಾಳೆ ಕಣವ್ವ ಅವ್ಳು. ಮಕ್ಳು ಏನ್ ಪಾಪ ಮಾಡವೆ?"

"ಅದಕ್ಕೇ ಹೇಳ್ತಿರೋದು, ಕಾಲು ಮೇಲಿಡಿ."

ಮೇಲಿಡಿ ಅನ್ನುವುದು ಸುಲಭ. ಎಲ್ಲಿ ಇಡುವುದು? ಮನೆಗೆ ಬಂದು ಶಿವರತ್ನಮ್ಮ ನಡುಮನೆಯ ಮಧ್ಯೆ ನಿಂತು ನಾಲ್ಕು ಕಡೆ ನೋಡಿದಳು. ಮೂಡಲ ಗೋಡೆಯಲ್ಲಿ ಮಾದಪ್ಪನ ಪಟ, ಹುಲಿಯ ಮೇಲೆ ಕೂತು ನೇರ ಇವಳನ್ನೇ ನೋಡುತ್ತಿದ್ದಾನೆ. ಆ ಕಡೆಗೆ ಕಾಲು ಚಾಚಿದರೆ ಹುಲಿಯೇ ಇಳಿದು ಬಂದೀತು. ಪಡುವಲ ಗೋಡೆಗೆ ಅತ್ತೆಯ ಮಂಚ, ಮಂಚದ ಮೇಲೆ ಅತ್ತೆ. ಹುಲಿಯೇ ವಾಸಿ. ಬಡಗಲಿಗೆ ಬೀದಿ ಬಾಗಿಲು, ಹೋಗುವ ಬರುವ ಹಿರಿಯರಿಗೆಲ್ಲ ಪಾದದರ್ಶನವಾಗುತ್ತದೆ. ತೆಂಕಲಿಗೆ ಅಡುಗೆಮನೆ, ಒಲೆ. ಅನ್ನ ಬೇಯಿಸಿ ಬದುಕುವವಳು ಒಲೆಗೆ ಕಾಲು ತೋರಿಸುತ್ತಾಳೆಯೇ? ಒಂದು ದಿನ ಅತ್ತೆ ನಿದ್ದೆ ಹೋಗಿದ್ದಾಳೆ ಅಂದುಕೊಂಡು ಮೂಲೆಯಲ್ಲಿ ಚಾಪೆ ಹಾಸಿ, ದಿಂಬಿನ ಮೇಲೆ ಕಾಲಿಟ್ಟು ಮಲಗಿದಳು.

"ಅಮ್ಮೀ," ಅಂತ ಮಂಚದಿಂದ ದನಿ ಬಂತು. "ಯಾರಾರ ಸತ್ತವ್ರಾ?"

"ಯಾಕತ್ತೆವ್ವ?"

"ನಡುಮನೇಲಿ ಉದ್ದಕೆ ಮಲಗ್ಸವ್ರಲ್ಲ, ಅದ್ಕೆ ಕೇಳ್ದೆ."

ಅವತ್ತು ಶಿವರತ್ನಮ್ಮ ತೀರ್ಮಾನ ಮಾಡಿದಳು. ಮಲಗಿದ ಹಾಗೆ ಕಾಣಬಾರದು. ಕುರ್ಚಿ ಬೇಕು. ಕೂತ ಹಾಗೂ ಇರಬೇಕು, ಒರಗಿದ ಹಾಗೂ ಇರಬೇಕು. ಬೆನ್ನಿನ ಹಲಗೆಗೆ ಹಿಂದೆ ಮೂರು ಕಚ್ಚು, ಒಂದನೆಯದಕ್ಕೆ ಸಿಕ್ಕಿಸಿದರೆ ಅವರೆಕಾಯಿ ಸುಲಿಯುವಷ್ಟು ನೆಟ್ಟಗೆ, ಎರಡನೆಯದಕ್ಕೆ ಒರಗುವಷ್ಟು, ಮೂರನೆಯದಕ್ಕೆ ತೊಲೆ ಎಣಿಸುವಷ್ಟು. ಮುಂದೆ ಕಾಲಿಡಲು ನಾಲ್ಕು ಕಾಲಿನ ಒಂದು ಕಾಲುಮಣೆ, ಎತ್ತರ ಏರಿಸಿ ಇಳಿಸುವಂಥದ್ದು. ಮುಖ್ಯವಾದ ಸಂಗತಿ ಏನೆಂದರೆ, ಅದು ಕುರ್ಚಿಗೆ ಎರಡು ಕೊಕ್ಕೆಯಲ್ಲಿ ಮಾತ್ರ ತಗುಲಿರಬೇಕು. ಯಾರಾದರೂ ಹಿರಿಯರು ಕೆಮ್ಮಿದರೆ ಸಾಕು, ಒಂದೇ ಏಟಿಗೆ ಕಳಚಿ ಕುರ್ಚಿಯಡಿ ತಳ್ಳಿ, ಸೆರಗು ಹೊದ್ದು, ಬನ್ನಿ ಅನ್ನುವಂತಿರಬೇಕು. ದೊಡ್ಡ ದೊಡ್ಡ ಕಂಪನಿಯವರು ಕುರ್ಚಿ ಮಾಡುವಾಗ ಏನೇನು ಯೋಚಿಸುತ್ತಾರೋ ಗೊತ್ತಿಲ್ಲ, ಅತ್ತೆ ಎದ್ದು ಬರುವ ಹೊತ್ತನ್ನು ಲೆಕ್ಕ ಹಾಕಿ ಕೊಕ್ಕೆ ಇಟ್ಟವಳು ಇವಳೊಬ್ಬಳೇ ಇರಬೇಕು.

ಹನೂರಿನಲ್ಲಿ ಬಡಗಿ ಕೆಲಸದ ರಾಜಣ್ಣ ಇದ್ದಾನಲ್ಲ, ಅವಳ ತವರೂರಿನವನು, ವರಸೆಯಲ್ಲಿ ತಮ್ಮ. ಫೋನು ಮಾಡಿದಳು. ಅವನು ಎಲ್ಲ ಕೇಳಿ, "ಅಳತೆ ಕಳ್ಸಕ್ಕ" ಅಂದ. ಅವಳಿಗೆ ಇಂಚು ಬಾರದು. ನೂರೆಂಬತ್ತು ಮಕ್ಕಳ ಅಕ್ಕಿ ಕಣ್ಣಳತೆಯಲ್ಲೇ ಹಾಕುವವಳು.

"ಅಂಗಳದಾಗೆ ಬರ್ದಿಟ್ಟಿರ್ತೀನಿ ಕಣಪ್ಪ, ಕುರ್ಚಿ ಎಷ್ಟು ದಪ್ಪ ಬೇಕೋ ಅಷ್ಟ್ ದಪ್ಪಕೇ. ನೀನು ಟೇಪು ತಕಂಡು ಬಂದು ಅಳತೆ ತಕೊ."

ಮಾರನೆಯ ದಿನ ಬೆಳಕು ಹರಿಯುವಾಗ ಅಂಗಳ ಸಾರಿಸಿದಳು. ನೆಲದಲ್ಲಿ ಅಡ್ಡ ಮಲಗಿ ತನ್ನ ಮೈಯ ಸುತ್ತ ತಾನೇ ಗೆರೆ ಎಳೆದುಕೊಂಡಳು, ತಲೆ, ಭುಜ, ಸೊಂಟ, ಎತ್ತಿದ ಕಾಲು. ಅದರ ಸುತ್ತ ರಂಗೋಲಿ ಪುಡಿಯಲ್ಲಿ ಕುರ್ಚಿ. ಕಳಚುವ ಭಾಗ ಯಾವುದು ಅಂತ ರಾಜಣ್ಣನಿಗೆ ತಿಳಿಯಲಿ ಅಂತ ಕಾಲುಮಣೆಯನ್ನು ಕುಂಕುಮದಲ್ಲಿ ಬರೆದಳು. ಕೀಲು, ಕೊಕ್ಕೆ ಬರುವ ಜಾಗಗಳನ್ನು ಕೋಳಿ ಕೆದರಿ ಕೆಡಿಸಬಾರದು ಅಂತ ಒಂದೊಂದು ಕಡೆ ಒಂದೊಂದು ನಿಂಬೆಹಣ್ಣು ಇಟ್ಟಳು. ಆಮೇಲೆ ಹಾಲು ಕರೆಯಲು ಹಿತ್ತಲಿಗೆ ಹೋದಳು.

ಈಗ ನೀನೇ ಹೇಳು ಮಗ. ಸೀಮೆಯ ಜನ ಜಗಳವಾದಾಗ, ಮಾಟ ಮಾಡಿಸಲು ಕೊಳ್ಳೇಗಾಲಕ್ಕೆ ಹೋಗಿ ಬರುತ್ತೀನಿ ನೋಡು ಅಂತ ಹೆದರಿಸುತ್ತಾರೆ. ಕೊಳ್ಳೇಗಾಲದ ಬಸ್ಸಿನಲ್ಲಿ ಸುಮ್ಮನೆ ಕೂತವರನ್ನೂ ಪಕ್ಕದವರು ಅನುಮಾನದಿಂದ ನೋಡುತ್ತಾರೆ. ಅಂಥ ತಾಲ್ಲೂಕಿನ ಒಂದು ಊರಿನ ಅಂಗಳದಲ್ಲಿ, ಬೆಳಗಿನ ಜಾವ, ಬಿಳಿ ಪುಡಿಯಲ್ಲಿ ಒಂದು ಆಳಿನ ಆಕಾರ, ಅದರ ಕಾಲ ಕೆಳಗೆ ಕುಂಕುಮ, ಸುತ್ತ ಆರು ನಿಂಬೆಹಣ್ಣು.

ಡೈರಿಗೆ ಹಾಲು ಹಾಕಲು ಹೊರಟಿದ್ದ ಸದಾಶಿವಪ್ಪ ಅದನ್ನು ನೋಡಲಿಲ್ಲ. ನೋಡಿದ್ದರೆ ತುಳಿಯುತ್ತಿರಲಿಲ್ಲ. ಅವನು ಶಾಲೆಯ ಕಮಿಟಿ ಅಧ್ಯಕ್ಷ, ತಲೆ ಎತ್ತಿಕೊಂಡೇ ನಡೆಯುವ ಪೈಕಿ. ದಾರಿ ಉಳಿಸಲು ಇವರ ಅಂಗಳದಲ್ಲಿ ಹಾದವನು ಎಡಗಾಲನ್ನು ನೆಟ್ಟಗೆ ನಿಂಬೆಹಣ್ಣಿನ ಮೇಲಿಟ್ಟ. ಹಣ್ಣು ಉರುಳಿತು, ಕಾಲು ಉಳುಕಿತು, ಹಾಲು ಚೆಲ್ಲಿತು. ಕೂತಲ್ಲಿಂದ ಕಣ್ಣು ಬಿಟ್ಟು ನೋಡಿದರೆ ತಾನು ಕೂತಿರುವುದು ಒಂದು ಬಿಳಿ ಆಳಿನ ಹೊಟ್ಟೆಯ ಮೇಲೆ. ಉಳುಕಿದ ಕಾಲಲ್ಲಿ ಆ ಮನುಷ್ಯ ಓಡಿದ ಓಟವನ್ನು ಊರು ಇನ್ನೂ ಆಡಿಕೊಳ್ಳುತ್ತದೆ.

ಹತ್ತು ಗಂಟೆಗೆಲ್ಲ ಅಂಗಳದ ಸುತ್ತ ಅರ್ಧ ಊರು. ಗೆರೆಯಿಂದ ನಾಲ್ಕು ಮಾರು ದೂರ ನಿಂತು ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ಸದಾಶಿವಪ್ಪ ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ಬಂದಿದ್ದ.

"ಇಂಥೋಳ ಕೈಲಿ ನಮ್ ಮಕ್ಳು ಉಣ್ಬೇಕಾ? ಕಮಿಟೀಲಿ ಮಾತಾಡ್ತೀನಿ. ಶಾಲೆ ಬಾಗ್ಲು ತೆಗೆಯೋದ್ರೊಳ್ಗೆ ಬೇರೆಯೋರ್ನ ನೋಡ್ಬೇಕು."

ಶಿವರತ್ನಮ್ಮ ಬಾಗಿಲಲ್ಲಿ ನಿಂತಿದ್ದಳು. ಬೇರೆಯವರನ್ನು ನೋಡಬೇಕು ಅನ್ನುವ ಮಾತು ಕಿವಿಗೆ ಬಿದ್ದದ್ದೇ ಅಂಗಳಕ್ಕೆ ಇಳಿದಳು. "ಅದು ಕುರ್ಚಿ ಕಣ್ರಣ್ಣ," ಅಂದಳು.

"ಕುರ್ಚಿಗ್ಯಾಕ್ ನಿಂಬೆಅಣ್ಣು?"

ಅದಕ್ಕೆ ಉತ್ತರ ಇತ್ತು. ಆದರೆ ಕೋಳಿ ಕೆದರದಿರಲಿ ಅಂತ ಹೇಳಿದರೆ ಯಾರು ನಂಬುತ್ತಾರೆ?

ಆಗ ಒಳಗಿಂದ ಶಿವನಂಜಮ್ಮ ಕೋಲೂರಿಕೊಂಡು ಹೊರಗೆ ಬಂದಳು. ಜನ ದಾರಿ ಬಿಟ್ಟರು. ಮುದುಕಿ ರಂಗೋಲಿಯನ್ನೂ ನೋಡಿದಳು, ಸೊಸೆಯನ್ನೂ ನೋಡಿದಳು, ಸದಾಶಿವಪ್ಪನನ್ನೂ ನೋಡಿದಳು. ಅವಳಿಗೆ ಬಂದದ್ದು ಭಯವೂ ಅಲ್ಲ, ಕರುಣೆಯೂ ಅಲ್ಲ. ಮೈ ಉರಿಯುವಷ್ಟು ಸಿಟ್ಟು.

"ಲೇ ಸದಾಶಿವ. ಮೂವತ್ ವರ್ಸಾಯ್ತು ಇವ್ಳು ಈ ಮನೆಗ್ ಬಂದು. ಗಂಟಿಲ್ದಂಗೆ ಒಂದ್ ಮುದ್ದೆ ತಿರುವೋದ ಕಲೀನಿಲ್ಲ. ಇವ್ಳು ಮಾಟ ಮಾಡ್ತಾಳಾ? ಮಾಟ ಅಂದ್ರೆ ಏನಂದ್ಕಂಡಿದ್ದೀಯ್ಲಾ, ಉಪ್ಪಿಟ್ಟಾ?"

"ಮತ್ತೆ ಇದೇನವ್ವ ಬರ್ದಿರೋದು?"

"ಕುರ್ಚಿ ಅಂದ್ಲಲ್ಲ, ಕಿವಿ ಡೈರೀಲಿ ಬುಟ್ ಬಂದಾ?"

ಹೇಳಿದವಳೇ ಕೋಲು ಬದಿಗಿಟ್ಟು, ಸೀರೆ ಒತ್ತರಿಸಿಕೊಂಡು, ಹೋಗಿ ಆ ಆಕಾರದ ಮಧ್ಯೆ ಮಲಗಿಬಿಟ್ಟಳು. ಎಂಬತ್ತೆರಡರ ಮುದುಕಿ, ಊರಿನೆದುರು, ಅಂಗಳದಲ್ಲಿ ಅಂಗಾತ. ಕಾಲೆರಡನ್ನೂ ಮೇಲೆತ್ತಿ ಸದಾಶಿವಪ್ಪನ ಮುಖಕ್ಕೆ ತೋರಿಸಿದಳು.

"ಇದು ಬೆನ್ನು. ಇದು ಕುಂಡಿ. ಇಲ್ಲಿ ಕಾಲು. ಗೊತ್ತಾಯ್ತಾ? ಅಮ್ಮೀ, ಗೆರೆ ಅಳಿಸೋಯ್ತು, ನನ್ ಸುತ್ತ ಇನ್ನೊಂದ್ ಸಲ ಎಳಿ. ಈ ಕುರುಡ್ರಿಗೆ ಕಾಣ್ಲಿ."

ಶಿವರತ್ನಮ್ಮ ರಂಗೋಲಿ ಪುಡಿ ತಂದು ಅತ್ತೆಯ ಸುತ್ತ ಗೆರೆ ಎಳೆದಳು. ಯಾರೋ ಒಬ್ಬರು ಕಿಸಕ್ಕೆಂದರು, ಅಲ್ಲಿಗೆ ಊರೆಲ್ಲ ನಕ್ಕಿತು. ಸದಾಶಿವಪ್ಪನೊಬ್ಬ ನಗಲಿಲ್ಲ. "ಮಾಟ ಅಲ್ದಿದ್ರೆ ನನ್ ಕಾಲ್ಯಾಕ್ ಉಳುಕ್ತು?" ಅನ್ನುತ್ತಲೇ ಮನೆಗೆ ಹೋದ. ಕಮಿಟಿಯ ಮಾತನ್ನು ಅವನು ವಾಪಸು ತೆಗೆದುಕೊಳ್ಳಲಿಲ್ಲ.

ಇಷ್ಟಾದರೂ ಸುದ್ದಿ ಊರು ದಾಟಿತ್ತು. ಎರಡನೇ ದಿನ ಯಾವುದೋ ಊರಿನಿಂದ ಕಾರಿನಲ್ಲಿ ಒಬ್ಬ ದಪ್ಪ ಮನುಷ್ಯ ಬಂದು, ಅಮ್ಮನವರೇ, ನನ್ನ ಭಾಮೈದನಿಗೆ ಏನಾದರೂ ಮಾಡಿಕೊಡಬೇಕು ಅಂದ. ಶಿವರತ್ನಮ್ಮ, "ಚಿತ್ರಾನ್ನ ಮಾಡ್ಕೊಡ್ತೀನಿ, ಉಣ್ತನಾ?" ಅಂತ ಕೇಳಿ ಕಳಿಸಿದಳು.

ಅದಿರಲಿ. ರಾಜಣ್ಣ ಬಂದದ್ದು ಇವಳು ಬ್ಯಾಂಡೇಜು ಬದಲಾಯಿಸಲು ಕೊಳ್ಳೇಗಾಲಕ್ಕೆ ಹೋಗಿದ್ದ ದಿನ. ಅಂಗಳದಲ್ಲಿ ಗೆರೆ ಇನ್ನೂ ಅಚ್ಚಾಗಿ ಇತ್ತು, ತುಳಿಯುವ ಧೈರ್ಯ ಯಾರಿಗಿತ್ತು. ಅವನು ಟೇಪು ಹಿಡಿದು ಶ್ರದ್ಧೆಯಿಂದ ಅಳೆದುಕೊಂಡ, ಚೀಟಿಯಲ್ಲಿ ಬರೆದುಕೊಂಡ, ಕಾಫಿ ಕುಡಿದು ಹೋದ. ಅವನು ಅಳೆದದ್ದು ಯಾರ ಗೆರೆಯನ್ನು ಅಂತ ನಿನಗೆ ಗೊತ್ತಾಯಿತಲ್ಲ? ಅವನಿಗೆ ಗೊತ್ತಾಗಲಿಲ್ಲ.

ಮೇ ತಿಂಗಳ ಮೊದಲ ವಾರ ಗೂಡ್ಸ್ ಆಟೋದಲ್ಲಿ ಕುರ್ಚಿ ಬಂತು. ಹಳೇ ಬಾಗಿಲಿನ ಹಲಸಿನ ಮರ, ಅರಗು ಹಾಕಿ ಉಜ್ಜಿ ಹೊನ್ನಿನ ಬಣ್ಣ ಬರಿಸಿದ್ದ. ಹಿಂದೆ ಮೂರು ಕಚ್ಚು, ಮುಂದೆ ಎರಡು ಕೊಕ್ಕೆ, ಹೇಳಿದ್ದು ಹೇಳಿದ ಹಾಗೆ. ಶಾಲೆ ತೆರೆಯಲು ಇನ್ನು ಇಪ್ಪತ್ತೈದು ದಿನ. ಶಿವರತ್ನಮ್ಮ ಮಾದಪ್ಪನಿಗೆ ಕೈಮುಗಿದು ಕೂತಳು. ಕೂತಳು ಅನ್ನುವುದಕ್ಕಿಂತ ಕುರ್ಚಿಯ ಕೈಗಳೆರಡರ ಮಧ್ಯೆ ಸಿಕ್ಕಿಕೊಂಡಳು. ಏಳಲು ಹೋದರೆ ಕುರ್ಚಿಯೂ ಜೊತೆಗೆ ಎದ್ದಿತು. ರಾಜಣ್ಣ ಕುರ್ಚಿ ಹಿಡಿದು ಹಿಂದಕ್ಕೆಳೆದ, ಶಿವಯ್ಯ ಹೆಂಡತಿಯನ್ನು ಮುಂದಕ್ಕೆಳೆದ. ಮದುವೆಯಾದ ಮೇಲೆ ಅವನು ಅವಳ ಕೈ ಹಿಡಿದದ್ದು ಅದೇ ಎರಡನೇ ಸಲ ಅಂತ ಅವಳೇ ಹೇಳುತ್ತಾಳೆ.

"ನಾನು ಗೆರೆ ಇದ್ದಂಗೇ ಮಾಡಿವ್ನಿ ಕಣಕ್ಕ," ಅಂದ ರಾಜಣ್ಣ. "ನೀನೇ ಊದ್ಕಂಡಿದ್ದೀಯೆ."

ಅಷ್ಟರಲ್ಲಿ ಶಿವನಂಜಮ್ಮ ಮಂಚದಿಂದ ಇಳಿದು ಬಂದು ಕುರ್ಚಿಯಲ್ಲಿ ಕೂತಿದ್ದಳು. ಬೆನ್ನಿಗೆ ಬೆನ್ನು, ಭುಜಕ್ಕೆ ಭುಜ, ಅಚ್ಚಿನಲ್ಲಿ ಹಾಕಿ ತೆಗೆದ ಹಾಗೆ. ಕಣ್ಣು ಮುಚ್ಚಿ ಒಂದು ನಿಟ್ಟುಸಿರು ಬಿಟ್ಟು, "ಜಗಲಿಗೆ ತಕಂಡೋಗಿ ಆಕ್ಲಾ ಇದ," ಅಂದಳು ರಾಜಣ್ಣನಿಗೆ. "ಒಳ್ಗಿದ್ರೆ ಯಾರ್ ನೋಡಾರು?"

ಶಿವರತ್ನಮ್ಮ ಅಡುಗೆಮನೆಗೆ ಹೋಗಿ ಒಂದು ಚೊಂಬು ನೀರು ಕುಡಿದಳು. ಅಳು ಬರುವ ಹಾಗಿತ್ತು. ಆದರೆ ಕಾಲು ಸಿಡಿಯುತ್ತಿದ್ದರೆ ನಿಂತು ಅಳುವುದೂ ಕಷ್ಟ. ಇನ್ನೊಂದು ಕುರ್ಚಿಗೆ ಮರವೂ ಇಲ್ಲ, ರಾಜಣ್ಣನಿಗೆ ಮದುವೆ ಮನೆಯ ಮಂಚದ ಕೆಲಸ, ತಿಂಗಳು ಬಿಡುವಿಲ್ಲ. ಹೊರಗೆ ಬಂದಳು. ಅತ್ತೆ ಕುರ್ಚಿಯ ಸಮೇತ ಜಗಲಿಗೆ ಹೋಗಿ ಬೀದಿಗೆ ಮುಖ ಮಾಡಿ ಕೂತಿದ್ದಳು. ನಡುಮನೆಯಲ್ಲಿ ಉಳಿದಿದ್ದದ್ದು ಕಾಲುಮಣೆ ಒಂದೇ. ಕೊಕ್ಕೆ ಕಳಚಿ ಬಿಟ್ಟು ಹೋಗಿದ್ದರು, ಮುದುಕಿಗೆ ಅದು ಅಡ್ಡವಂತೆ.

ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಮಂಚವನ್ನು ನೋಡಿದಳು. ಮಂಚ ಖಾಲಿ. ಮೂವತ್ತು ವರ್ಷದಲ್ಲಿ ಮೊದಲ ಸಲ ಪಡುವಲ ಗೋಡೆಯಲ್ಲಿ ಯಾರೂ ಇಲ್ಲ.

ರಾಗಿ ಮೂಟೆ ಎಳೆದು ಓರೆಯಾಗಿ ಇಟ್ಟು, ಕಾಲುಮಣೆಯನ್ನು ಮೇಲಿನ ಕಚ್ಚಿಗೆ ಏರಿಸಿ, ಮೂಟೆಗೆ ಬೆನ್ನು ಕೊಟ್ಟು ಒರಗಿ, ಪಡುವಲಕ್ಕೆ ಕಾಲು ಚಾಚಿಟ್ಟಳು. ಎದೆಗಿಂತ ಒಂದು ಗೇಣು ಮೇಲೆ. ಪಾದದ ಎದುರಿಗೆ ದೇವರಿಲ್ಲ, ಹಿರಿಯರಿಲ್ಲ, ಬೀದಿಯಿಲ್ಲ, ಒಲೆಯಿಲ್ಲ. ಒಂದು ಹಳೇ ಕಂಬಳಿ ಮಾತ್ರ. ಇಷ್ಟು ದಿನ ತನಗೆ ಬೇಕಾಗಿದ್ದದ್ದು ಕುರ್ಚಿಯಲ್ಲ, ಅತ್ತೆಯನ್ನು ಜಗಲಿಗೆ ಕೂರಿಸುವ ಒಂದು ಉಪಾಯ ಅಂತ ಅವಳಿಗೆ ಆಗ ಹೊಳೆಯಿತು. ಅರ್ಧ ಗಂಟೆ ಅಂದುಕೊಂಡವಳು ಒಂದೂವರೆ ಗಂಟೆ ನಿದ್ದೆ ಹೊಡೆದಳು.

ದಿನಕ್ಕೆ ಮೂರು ಸಲ, ತಪ್ಪದೆ. ಹೊರಗೆ ಅತ್ತೆ ಕುರ್ಚಿಯಲ್ಲಿ ದರ್ಬಾರು ಮಾಡುವಳು, ಒಳಗೆ ಸೊಸೆ ಕಾಲು ಎತ್ತಿಡುವಳು. ಹುಣ್ಣು ರೂಪಾಯಿ ಅಗಲದಿಂದ ಅವರೆಕಾಳಾಯಿತು, ಅವರೆಕಾಳು ಹೆಸರುಕಾಳಾಯಿತು.

ಮೇ ಇಪ್ಪತ್ತರ ಹೊತ್ತಿಗೆ ಸದಾಶಿವಪ್ಪ ಕುಂಟುತ್ತ ಬಂದ. ಅವನ ಕಾಲಿನ ಊತ ಇಳಿದಿರಲಿಲ್ಲ. ಅವನೂ ಅದೇ ಡಾಕ್ಟ್ರಮ್ಮನ ಹತ್ತಿರ ಹೋಗಿದ್ದ, ಅವಳು ಅವನಿಗೂ ಅದನ್ನೇ ಹೇಳಿದ್ದಳು. ಬಾಗಿಲಲ್ಲಿ ನಿಂತು ಗೋಡೆ ನೋಡಿದ, ತೊಲೆ ನೋಡಿದ.

"ಅದೇನೋ ಕಾಲ್ಮಣೆ ಅದೆಯಂತಲ್ಲ ರತ್ನಮ್ಮ."

"ಅದೆ ಕಣಣ್ಣ. ಮಾಟದ್ದು."

"ಅಂಗಲ್ಲ ಕಣವ್ವ. ಒಂದರ್ದ ಗಂಟೆ..."

"ಬಾ, ಕೂತ್ಕೊ. ಆ ಮೂಟೆಗ್ ಒರಗ್ಕೊ. ಕಾಲ್ ಎತ್ತು." ಅವನ ಕಾಲನ್ನು ತಾನೇ ಎತ್ತಿ ಇಟ್ಟಳು. ಅವನು ಹಾ ಅಂತ ಕಣ್ಣು ಮುಚ್ಚಿದ ಮೇಲೆ ಪಕ್ಕದಲ್ಲಿ ಅಕ್ಕಿ ಆರಿಸುವ ಮೊರ ಇಟ್ಟುಕೊಂಡು ಕೂತಳು. "ಈಗೇಳು. ಕಮಿಟೀಲಿ ಏನ್ ಮಾತಾಡೀಯೆ?"

ಕಾಲು ಮೇಲಿದ್ದಾಗ ಗಂಡಸರಿಗೆ ಜಗಳವಾಡಲು ಬರುವುದಿಲ್ಲ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸದಾಶಿವಪ್ಪ ಕಣ್ಣು ಬಿಡದೆಯೇ, "ಏನೂ ಮಾತಾಡಲ್ಲ," ಅಂದ.

"ಮಾತಾಡ್ಬೇಕು. ರತ್ನಮ್ಮನೇ ಅಡ್ಗೆ ಮಾಡೋದು ಅಂತ ಮಾತಾಡ್ಬೇಕು. ಇಲ್ದಿದ್ರೆ ಮಣೆ ಎಳ್ಕತೀನಿ. ಕೊಕ್ಕೆ ಗಿಕ್ಕೆ ಏನಿಲ್ಲ, ಒಂದೇ ಏಟಿಗ್ ಬತ್ತದೆ."

ಮಾತಾಡಿದ. ಶಾಲೆ ತೆರೆಯುವ ಮುಂಚಿನ ಶನಿವಾರ ಡಾಕ್ಟ್ರಮ್ಮ ಬ್ಯಾಂಡೇಜು ಬಿಚ್ಚಿ ನೋಡಿದಳು. ಚರ್ಮ ಕೂಡಿತ್ತು, ತೆಳ್ಳಗೆ, ಗುಲಾಬಿ ಬಣ್ಣಕ್ಕೆ. ಕೆಲಸ ಮಾಡಬಹುದು, ಆದರೆ ಅನ್ನ ಬೇಯುವಷ್ಟು ಹೊತ್ತು ಅಲ್ಲೂ ಕಾಲು ಎತ್ತಿಟ್ಟು ಕೂರಬೇಕು ಅಂದಳು. ಸೋಮವಾರ ಶಿವರತ್ನಮ್ಮ ಕಾಲುಮಣೆಯನ್ನು ಕಂಕುಳಲ್ಲಿ ಇರುಕಿಕೊಂಡು ಶಾಲೆಗೆ ಹೋದಳು. ಅವತ್ತಿನಿಂದ ದಿನವೂ ಹಾಗೇ. ಅಕ್ಕಿ ಕುದಿಯುವಾಗ ಅಡುಗೆ ಕೋಣೆಯ ಗೋಡೆಗೆ ಒರಗಿ, ಕಾಲು ಮೇಲಿಟ್ಟು, ಸೌಟು ಮಡಿಲಲ್ಲಿಟ್ಟುಕೊಂಡು ಕೂರುತ್ತಾಳೆ. ಮೇಷ್ಟ್ರು ಬಂದರೂ ಇಳಿಸುವುದಿಲ್ಲವಂತೆ. ಮೊದಮೊದಲು ಇಳಿಸುತ್ತಿದ್ದಳು, ಆಮೇಲೆ ಮರೆತಳೋ ಬೇಕೆಂದೇ ಬಿಟ್ಟಳೋ, ಕೇಳಲು ಹೋದವರಿಗೆ ಸಾರು ಬಡಿಸುತ್ತಾಳೆ.

ಒಂದೇ ತೊಂದರೆ. ಶಾಲೆಯ ನೆಲಕ್ಕೆ ನುಣುಪು ಕಲ್ಲು ಹಾಕಿದ್ದಾರೆ, ಮಣೆ ಜಾರುತ್ತದೆ. ಮೊನ್ನೆ ಜಾರಿ ಹಿಮ್ಮಡಿ ನೆಲಕ್ಕೆ ಬಡಿಯಿತಂತೆ, ಚರ್ಮ ಇನ್ನೂ ಎಳೆಯದು. ನೀನು ಹೇಗೂ ನಾಳೆ ಕೊಳ್ಳೇಗಾಲಕ್ಕೆ ಹೋಗುತ್ತೀಯಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯಲ್ಲಿ ಊರುಗೋಲಿನ ತುದಿಗೆ ಹಾಕುವ ರಬ್ಬರಿನ ಬೂಟು ಸಿಗುತ್ತದೆ. ಮಣೆಯ ನಾಲ್ಕು ಕಾಲಿಗೆ ನಾಲ್ಕು ತೆಗೆದುಕೋ, ಕಪ್ಪು ಬಣ್ಣದ್ದು, ಹೆಬ್ಬೆಟ್ಟು ಹೋಗುವಷ್ಟು ತೂತಿನದು. ನಿನ್ನದಲ್ಲ, ನನ್ನ ಹೆಬ್ಬೆಟ್ಟು, ಇಗೋ ನೋಡಿಕೋ. ಬರುವಾಗ ಮುಳ್ಳೂರಿನಲ್ಲಿ ಇಳಿದು ಶಾಲೆಗೇ ಹೋಗಿ ಅವಳ ಕೈಗೆ ಕೊಡು, ಹನ್ನೆರಡೂವರೆಯ ಒಳಗೆ.